‘ಇವಳು ಮಾತೇ ಆಡಲ್ಲ ಮೇಡಂ’

ನಾನು ಆಪ್ತಸಲಹೆ ಕೊಡುವವಳು. ಈ ದೂರು ತಂದವರು ಗಂಡ. ವಯಸ್ಸು 46, ಹಾರ್ಡ್‌ವೇರ್ ಅಂಗಡಿ ಇದೆ. ಹೆಂಡತಿ 41, ಹೈಸ್ಕೂಲಿನಲ್ಲಿ ಗಣಿತ ಟೀಚರ್. ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೇನೆ.

"ಏನು ಕೇಳಿದ್ರೂ ಹೂಂ, ಉಹೂಂ, ಅಷ್ಟೇ. ಶಾಲೆಯವರ ಜೊತೆ ಮಾತ್ರ ಫೋನಲ್ಲಿ ಗಂಟೆಗಟ್ಟಲೆ ಮಾತಾಡ್ತಾಳೆ" ಅಂದರು.

ನಾನು ಆಕೆಯ ಕಡೆ ತಿರುಗಿದೆ. "ಮೊನ್ನೆ ಅಮ್ಮನಿಗೆ ಹುಷಾರಿಲ್ಲ ಅಂತ ಊರಿಗೆ ಹೋಗಿದ್ವಿ..." ಎಂದು ಶುರು ಮಾಡಿದರು.

"ಮೊನ್ನೆ ಅಲ್ಲ, ಶನಿವಾರ."

"ಹೂಂ, ಶನಿವಾರ. ವಾಪಸ್ ಬಸ್ಸಲ್ಲಿ ಬರುವಾಗ ನನಗೆ..."

"ಬಸ್ಸೇ ಸಿಗ್ಲಿಲ್ಲ ಮೇಡಂ. ಒಂದು ಗಂಟೆ ಕಾದ್ವಿ. ಆ ರೂಟಲ್ಲಿ ಬಸ್ಸೇ ಕಡಿಮೆ."

ಆಮೇಲೆ ನಡೆದದ್ದೆಲ್ಲ ಬಸ್ಸಿನ ಕಥೆ. ಆಕೆ ಸೆರಗಿನ ಅಂಚು ಮಡಿಸುತ್ತ ಕೂತರು. ಬಸ್ಸಲ್ಲಿ ಆಕೆಗೆ ಏನಾಯಿತು ಅಂತ ನನಗೆ ಗೊತ್ತಾಗಿದ್ದು ಮುಂದಿನ ಸಲ, ಒಬ್ಬರೇ ಬಂದಾಗ. ಅಮ್ಮನನ್ನು ಸ್ವಲ್ಪ ದಿನ ತಮ್ಮ ಮನೆಯಲ್ಲೇ ಇಟ್ಟುಕೊಳ್ಳಬೇಕು ಅನ್ನಿಸಿತ್ತಂತೆ. ಹೇಳಲು ಹೊರಟಾಗಲೆಲ್ಲ ಮಾತು ಇನ್ನೆಲ್ಲಿಗೋ ಹೋಗುತ್ತಿತ್ತು. ಇದನ್ನು ನಾನು ಗಂಡನಿಗೆ ಹೇಳಲಿಲ್ಲ. ಆಕೆಯ ಪರವಾಗಿ ನಾನೂ ಮಾತಾಡಿಬಿಟ್ಟರೆ ಆಕೆಗೆ ಏನು ಉಳಿಯಿತು?

ಗಂಡ ಒರಟರಲ್ಲ. ಅವರು ಬೆಳೆದದ್ದು ತುಂಬಿದ ಮನೆಯಲ್ಲಿ. ಊಟಕ್ಕೆ ಕೂತರೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಸುಮ್ನೆ ಕಾಯುತ್ತ ಕೂತವರಿಗೆ ಸರದಿಯೇ ಬರುತ್ತಿರಲಿಲ್ಲ. ಆಕೆಯದು ಯೋಚಿಸಿ, ನಡುನಡುವೆ ನಿಂತು ಮಾತಾಡುವ ಸ್ವಭಾವ. ಆಕೆ ನಿಂತದ್ದೇ ತಡ, ಗಂಡನಿಗೆ ಮಾತು ಮುಗಿಯಿತು ಅನ್ನಿಸುತ್ತದೆ.

ನಡುವೆ ಬರುವ ಮಾತೆಲ್ಲ ಕೆಟ್ಟದ್ದಲ್ಲ. "ಅಯ್ಯೋ ಹೌದಾ?" "ಆಮೇಲೆ?" ಇವೂ ನಡುವೆಯೇ ಬರುತ್ತವೆ, ಅಲ್ವಾ? ಅವು ಹೇಳುವವರಿಗೆ ಹುರುಪು ಕೊಡುತ್ತವೆ. ಬಾಯಿ ಹಾಕಿದ ಮೇಲೆ ಮಾತು ಯಾರ ಕೈಗೆ ಹೋಯಿತು ಅನ್ನೋದನ್ನು ನಾನು ಗಮನಿಸುತ್ತೇನೆ.

1975ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಡಾನ್ ಝಿಮ್ಮರ್‌ಮನ್ ಮತ್ತು ಕ್ಯಾಂಡೇಸ್ ವೆಸ್ಟ್ ಒಂದು ಅಧ್ಯಯನ ಪ್ರಕಟಿಸಿದರು. ಗಂಡು-ಹೆಣ್ಣು ಜೊತೆಯಾಗಿ ಮಾತಾಡಿದ 11 ಸಂಭಾಷಣೆಗಳಲ್ಲಿ 48 ಸಲ ಒಬ್ಬರು ಇನ್ನೊಬ್ಬರ ಮಾತು ತುಂಡರಿಸಿದ್ದರು. ಅದರಲ್ಲಿ 46 ಸಲ ಗಂಡಸರು. ಅದು ಸಣ್ಣ ಅಧ್ಯಯನ. ಆಮೇಲಿನವುಗಳಲ್ಲಿ ಅಂತರ ಇಷ್ಟು ದೊಡ್ಡದಾಗಿ ಕಂಡಿಲ್ಲ. ಗಂಡನಿಗೆ ಇದನ್ನು ಹೇಳಿದೆ. "ನಾನು ಹಾಗಲ್ಲ" ಅಂದರು. ಇಬ್ಬರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿದ್ದ ಅವರದೇ ಮಾತುಕತೆ ಕೇಳಿಸಿದೆ. ಪೂರ್ತಿ ಕೇಳಿ, "ಇವಳ ಒಂದು ವಾಕ್ಯವೂ ಮುಗಿದಿಲ್ವಲ್ಲ" ಅಂದರು.

ಅವರಿಗೆ ಹೇಳಿದ್ದು: ವಿವರ ತಪ್ಪಿದ್ದರೆ ತಪ್ಪೇ ಇರಲಿ. ಶನಿವಾರವೋ ಭಾನುವಾರವೋ, ತಿದ್ದಬೇಡಿ. ಆಕೆ ನಿಂತರೆ ನೀವೂ ಒಂದು ಉಸಿರು ಕಾಯಿರಿ. ತಡೆಯಲಾಗದೆ ಬಾಯಿ ಹಾಕಿದರೆ, "ನೀನೇನೋ ಹೇಳ್ತಿದ್ದೆ" ಅಂತ ಮಾತನ್ನು ವಾಪಸ್ ಕೊಡಿ. ರಾತ್ರಿ ಊಟದ ಹೊತ್ತಲ್ಲಿ ಟಿವಿ ಚರ್ಚೆ ಬಂದ್ ಮಾಡಿ. ನಾಲ್ಕು ಜನ ಒಟ್ಟಿಗೆ ಕೂಗಾಡೋದನ್ನು ಕೇಳುತ್ತ ಮನೆಯಲ್ಲಿ ಯಾರು ತಾನೇ ಮೆತ್ತಗೆ ಮಾತಾಡಿಯಾರು? ಮೊಬೈಲ್ ರೂಮಲ್ಲಿ ಚಾರ್ಜಿಗಿರಲಿ.

ಆಕೆಗೆ ಹೇಳಿದ್ದು: "ರೀ, ಇನ್ನೂ ಮುಗಿದಿಲ್ಲ" ಅಂದುಬಿಡಿ. ಕೋಪವೂ ಬೇಡ, ಸಂಕೋಚವೂ ಬೇಡ. "ಅತ್ತೆ ಎದುರಿಗೆ ಹೇಗೆ ಹೇಳೋದು?" ಅಂದರು. ಅಲ್ಲಿ ಸ್ವಲ್ಪ ಕೈ ಎತ್ತಿದರೆ ಸಾಕು ಅಂತ ಮೂವರೂ ಒಪ್ಪಿದೆವು. ಅಮ್ಮನ ವಿಷಯವನ್ನು ಮಾತ್ರ ಮೊದಲ ವಾಕ್ಯದಲ್ಲೇ ಹೇಳಿ, ಬಸ್ಸು ಆಮೇಲೆ ಬರಲಿ ಅಂದೆ.

ಈಗ ಆಕೆಯ ಅಮ್ಮ ಅವರ ಮನೆಯಲ್ಲಿದ್ದಾರೆ. ಗಂಡ ಆಗಾಗ ತಾರೀಕು ತಿದ್ದುತ್ತಾರಂತೆ, ಆದರೆ ಮಾತು ಆಕೆಗೇ ವಾಪಸ್ ಬರುತ್ತದಂತೆ.

ಇದು ಎಲ್ಲ ಮನೆಗೂ ಕೊಡುವ ಸಲಹೆಯಲ್ಲ. ಮಾತು ತಡೆಯೋದರ ಜೊತೆ ಬೈಗುಳ, ಬೆದರಿಕೆ, ಹೊಡೆತ ಇದ್ದರೆ "ಇನ್ನೂ ಮುಗಿದಿಲ್ಲ" ಅನ್ನೋದೇ ಅಪಾಯ. ಅಂಥವರು ಜೋಡಿಯಾಗಿ ಬರಬೇಡಿ. ಒಬ್ಬರೇ ಬನ್ನಿ, ಇಲ್ಲವೇ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.