ಇಸುಬಿನ ಮೇಲೆ ಗುಳ್ಳೆ ಎದ್ದಾಗ

ರಾಜಾಜಿನಗರದ ಓದುಗರೊಬ್ಬರ ಪತ್ರ: ಹಸುಗೂಸಾಗಿದ್ದಾಗಿನಿಂದ ಇಸುಬಿರುವ ಮಗನಿಗೆ ಜ್ವರ ಬಂದು, ಕೆನ್ನೆಯ ಮೇಲೆ ಗುಳ್ಳೆಗಳೆದ್ದವು. ಅತ್ತೆಯವರು ‘ಅಮ್ಮ’ ಎಂದು ಬೇವಿನ ಸೊಪ್ಪು ಹಾಸಿದರು, ಪತಿ ಔಷಧಿ ಅಂಗಡಿಯಿಂದ ಮುಲಾಮು ತಂದರು. ಮೂರನೆಯ ದಿನ ಚರ್ಮವೈದ್ಯರು ಮಗುವನ್ನು ಆಸ್ಪತ್ರೆಗೆ ಸೇರಿಸಿದರು. ಈಗ ಮಗು ಗುಣವಾಗಿದೆ. ‘ಗುಳ್ಳೆ ಕಂಡಾಗಲೆಲ್ಲ ಓಡಬೇಕೆ? ನಾನು ಅತಿಯಾಗಿ ಹೆದರುತ್ತೇನೆಯೆ?’ ಎಂದು ಅವರು ಕೇಳಿದ್ದಾರೆ.

ಸೋದರಿ, ಇಸುಬು ಕೆರಳುವುದು, ತಗ್ಗುವುದು ಸಹಜ. ಪ್ರತಿ ತುರಿಕೆಗೂ ಗಾಬರಿ ಬೇಡವೆನ್ನುವ ಹಿರಿಯರ ಮಾತಿನಲ್ಲಿ ಹುರುಳಿದೆ. ಆದರೆ ನೀವು ಹೆದರಿದ್ದು ಅತಿಯಾಗಲಿಲ್ಲ. ಮೊದಲ ದಿನವೇ ಹಠ ಹಿಡಿಯಲಿಲ್ಲವಲ್ಲ ಎಂಬುದಷ್ಟೇ ನನ್ನ ಆಕ್ಷೇಪ. ದಿನವೂ ಆ ಮೈಗೆ ಎಣ್ಣೆ ಸವರುವವರು ನೀವು. ‘ಇದು ಎಂದಿನ ಇಸುಬಲ್ಲ’ ಎಂದು ನಿಮಗನ್ನಿಸಿದರೆ ಮನೆಯವರೆಲ್ಲರೂ ಕಿವಿಗೊಡಬೇಕು.

ವಿಯೆನ್ನಾದ ಚರ್ಮವೈದ್ಯ ಮೋರಿಟ್ಸ್ ಕಪೋಸಿ 1887ರಲ್ಲೇ ವರ್ಣಿಸಿದ ಈ ಕಾಯಿಲೆಗೆ ವೈದ್ಯರು ಎಕ್ಜಿಮಾ ಹರ್ಪೆಟಿಕಂ ಎನ್ನುತ್ತಾರೆ. ದೊಡ್ಡವರ ತುಟಿಯಂಚಿನಲ್ಲಿ ಗುಳ್ಳೆ ಎಬ್ಬಿಸುವ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್, ಇಸುಬಿನಿಂದ ಬಿರಿದ ಚರ್ಮದಲ್ಲಿ ವೇಗವಾಗಿ ಹಬ್ಬುತ್ತದೆ. ಸೀತಾಳೆ ಸಿಡುಬಿನಲ್ಲಿ ಹೊಸ ಗುಳ್ಳೆ, ಒಣಗಿದ ಗುಳ್ಳೆಗಳು ಒಟ್ಟಿಗೆ ಕಾಣುತ್ತವೆ; ಇಲ್ಲಿ ಹೆಚ್ಚಾಗಿ ಇಸುಬಿರುವ ಜಾಗದಲ್ಲೇ ಒಂದೇ ಗಾತ್ರದ ಗುಳ್ಳೆಗಳು ಗುಂಪುಗುಂಪಾಗಿ ಏಳುತ್ತವೆ. ಒಡೆದ ಮೇಲೆ, ಕಾಗದಕ್ಕೆ ತೂತು ಹೊಡೆದಂತೆ ಅಂಚು ಸ್ಪಷ್ಟವಾದ ದುಂಡನೆಯ ಹುಣ್ಣುಗಳು, ಅವುಗಳ ಮೇಲೆ ರಕ್ತ ಬೆರೆತ ಹಕ್ಕಳೆ. ತುರಿಕೆಗಿಂತ ನೋವು ಹೆಚ್ಚು. ಜ್ವರ ಬರಬಹುದು, ಕತ್ತಿನ ಗ್ರಂಥಿಗಳು ಊದಬಹುದು. ಇಷ್ಟು ಕಂಡರೆ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ರೆಪ್ಪೆಯ ಬಳಿ ಗುಳ್ಳೆಯಿದ್ದರೆ ಕಣ್ಣಿನ ವೈದ್ಯರೂ ನೋಡಲೇಬೇಕು. ಕರಿಗುಡ್ಡೆಯ ಮೇಲೆ ಕಲೆ ಉಳಿದರೆ ದೃಷ್ಟಿಗೇ ಕುತ್ತು.

ನನ್ನನ್ನು ಕೆರಳಿಸುವುದು ಆ ಮುಲಾಮು. ಸ್ಟೀರಾಯ್ಡ್, ಆಂಟಿಬಯೋಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಟ್ಯೂಬುಗಳನ್ನು ನಮ್ಮ ಬೆಂಗಳೂರಿನಲ್ಲಿ ಚೀಟಿಯಿಲ್ಲದೆ ಕೈಗಿಡುವ ಅಂಗಡಿಗಳಿವೆ. ಹಲವು ಸ್ಟೀರಾಯ್ಡ್ ಮುಲಾಮುಗಳನ್ನು 2018ರಲ್ಲಿ ಷೆಡ್ಯೂಲ್ ಎಚ್‌ಗೆ, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ, ಸೇರಿಸಿದ್ದರೂ ಕೇಳುವವರಿಲ್ಲ. ಆ ಮೂರರಲ್ಲಿ ಒಂದೂ ವೈರಸ್ಸನ್ನು ಮುಟ್ಟುವುದಿಲ್ಲ, ಹಚ್ಚಿದವರಿಗೆ ಮಾತ್ರ ಚಿಕಿತ್ಸೆ ಆಯಿತೆಂಬ ನೆಮ್ಮದಿ. ಹೊತ್ತು ಕಳೆಯುವುದೇ ಹೀಗೆ. ಬೇಕಾದ ಔಷಧ ಅಸೈಕ್ಲೋವಿರ್. ಪರೀಕ್ಷೆಯ ವರದಿಗೆ ಕಾಯದೆಯೇ ವೈದ್ಯರು ಅದನ್ನು ಆರಂಭಿಸುತ್ತಾರೆ.

ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡನ್ನು ದೂರುತ್ತಿಲ್ಲ. ಇಸುಬಿಗೆ ಅದು ಬೇಕು, ಮತ್ತೆ ಯಾವಾಗ ಹಚ್ಚಬೇಕೆಂದು ಅವರನ್ನೇ ಕೇಳಿ. ಅಂಗಡಿಯ ಆ ಟ್ಯೂಬನ್ನು ಎಸೆಯದೆ ಅವರಿಗೆ ತೋರಿಸಿ. ತುಟಿಯ ಮೇಲೆ ಗುಳ್ಳೆಯಿರುವ ನೆಂಟರು ಮಗುವಿಗೆ ಮುತ್ತಿಡಲು ಬಂದರೆ, ಯಾರೇ ಆಗಲಿ, ಬೇಡವೆನ್ನಿ.

— ಸಂಪಾದಕ