ಸಾಂಟೊರಿನಿಯ ಬುಟ್ಟಿ ಬಳ್ಳಿಗಳು

ಪ್ರಶ್ನೆ: ಗ್ರೀಸ್‌ನ ಸಾಂಟೊರಿನಿ ದ್ವೀಪದಲ್ಲಿ ದ್ರಾಕ್ಷಿಗೆ ಚಪ್ಪರವೇ ಹಾಕುವುದಿಲ್ಲವಂತೆ, ಬಳ್ಳಿಯನ್ನು ಬುಟ್ಟಿಯ ಹಾಗೆ ಹೆಣೆದು ನೆಲದ ಮೇಲೇ ಬಿಡುತ್ತಾರಂತೆ. ಯಾಕೆ?

ಉತ್ತರ: ಗಾಳಿ! ಬೇಸಿಗೆಯಲ್ಲಿ ಅಲ್ಲಿ ಬೀಸುವ ಗಾಳಿಗೆ ಚಪ್ಪರ ನಿಲ್ಲುವುದು ಕಷ್ಟ. ಅದಕ್ಕೇ ವರ್ಷ ವರ್ಷವೂ ಬಳ್ಳಿಯನ್ನು ಸುತ್ತಿ ಸುತ್ತಿ ಬುಟ್ಟಿ ಮಾಡುತ್ತಾರೆ. ಅದರ ಹೆಸರು ಕುಲೂರ. ಗೊಂಚಲುಗಳು ಒಳಗೆ ಬೆಚ್ಚಗೆ ಕೂತಿರುತ್ತವೆ, ಮೇಲೆ ಎಲೆಗಳ ನೆರಳು. ಮಳೆ ತೀರಾ ಕಡಿಮೆ, ರಾತ್ರಿ ಸಮುದ್ರದಿಂದ ಬರುವ ಮಂಜಿನ ತೇವವನ್ನು ಜ್ವಾಲಾಮುಖಿಯ ಹಗುರ ಕಲ್ಲುಗಳು ಹೀರಿಟ್ಟುಕೊಳ್ಳುತ್ತವೆ.

ನನಗೆ ತುಂಬಾ ಇಷ್ಟವಾದದ್ದು ಬೇರಿನ ಕಥೆ. 19ನೇ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಸಣ್ಣ ಕೀಟ ಬೇರು ತಿಂದು ಯುರೋಪಿನ ತೋಟಗಳನ್ನೇ ಮುಗಿಸಿತು, ಆಮೇಲೆ ಹೆಚ್ಚಿನ ಕಡೆ ಆ ಕೀಟವನ್ನು ತಾಳಿಕೊಳ್ಳುವ ಅಮೆರಿಕದ ದ್ರಾಕ್ಷಿಯ ಬೇರಿಗೆ ಕಸಿ ಕಟ್ಟಬೇಕಾಯಿತು. ಸಾಂಟೊರಿನಿಯ ಮರಳು ಮಣ್ಣಿನಲ್ಲಿ ಜೇಡಿ ಇಲ್ಲ, ಆ ಕೀಟಕ್ಕೆ ಅಲ್ಲಿ ಬದುಕಲು ಆಗಲಿಲ್ಲ. ಬಳ್ಳಿಗಳು ಇವತ್ತಿಗೂ ಸ್ವಂತ ಬೇರಿನ ಮೇಲಿವೆ! ಬುಟ್ಟಿ ಮುದಿಯಾದರೆ ಕತ್ತರಿಸುತ್ತಾರೆ, ಹಳೇ ಬೇರಿನಿಂದಲೇ ಮತ್ತೆ ಚಿಗುರುತ್ತದೆ.

ಮುಖ್ಯ ತಳಿ ಅಸಿರ್ಟಿಕೊ, ಬಿಳಿ ದ್ರಾಕ್ಷಿ. ಅಷ್ಟು ಬಿಸಿಲಲ್ಲೂ ಹುಳಿ ಬಿಟ್ಟುಕೊಡುವುದಿಲ್ಲ, ಅದೇ ಅದರ ಗಟ್ಟಿತನ. ಇದನ್ನೇ ಬಿಸಿಲಲ್ಲಿ ಒಣಗಿಸಿ ವಿನ್‌ಸಾಂತೊ ಎಂಬ ಸಿಹಿ ವೈನ್ ಮಾಡುತ್ತಾರೆ.