ಬಾವಿಕಟ್ಟೆಯ ಬಳಿ ಹವಾಮಾನದ ಪಾಠ

ಪ್ರಶ್ನೆ: ಉಡುಪಿ ಸಮೀಪದ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ವಿಜ್ಞಾನ ಶಿಕ್ಷಕಿ. ಏಳನೆಯ ತರಗತಿಯ ಮಕ್ಕಳು ಹಸಿರುಮನೆ ಪರಿಣಾಮದ ವ್ಯಾಖ್ಯೆಯನ್ನು ತಪ್ಪಿಲ್ಲದೆ ಬರೆಯುತ್ತಾರೆ. ಆದರೆ ಅದಕ್ಕೂ ತಮ್ಮ ಊರಿಗೂ ಸಂಬಂಧವಿದೆಯೆಂದು ಅವರಿಗೆ ಅನ್ನಿಸಿದಂತಿಲ್ಲ. ಹೊರಗೆ ಕರೆದೊಯ್ಯೋಣವೆಂದರೆ ಬಸ್ಸಿನ ಖರ್ಚು, ಪೋಷಕರ ಆತಂಕ, ಮುಗಿಯದ ಪಾಠಗಳು ಅಡ್ಡಬರುತ್ತವೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಬಸ್ಸನ್ನು ಸದ್ಯಕ್ಕೆ ಮರೆತುಬಿಡಿ. ವರ್ಷಕ್ಕೊಮ್ಮೆ ಹೋಗಿಬರುವ ಪ್ರವಾಸಕ್ಕಿಂತ ಒಂದೇ ಜಾಗವನ್ನು ವರ್ಷವಿಡೀ ನೋಡುವುದರಿಂದ ಮಕ್ಕಳು ಹೆಚ್ಚು ಕಲಿಯುತ್ತಾರೆಂದು ನಾನು ನಂಬಿದ್ದೇನೆ. ಶಾಲೆಯ ಬಾವಿಯೇ ಆ ಜಾಗವಾಗಬಹುದು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿಯಲ್ಲಿ ಏಪ್ರಿಲ್ ಬರುತ್ತಲೇ ಎಷ್ಟೋ ಬಾವಿಗಳ ತಳ ಕಾಣುವುದೇಕೆ ಎಂಬ ಪ್ರಶ್ನೆಯನ್ನು ಮಕ್ಕಳ ಮುಂದಿಡಿ.

ಮೊದಲು ಮಳೆಮಾಪಕವನ್ನು ಮಾಡಿಸಿ. ಎರಡು ಲೀಟರಿನ ಬಾಟಲಿಯ ಕತ್ತಿನ ಭಾಗವನ್ನು ಕತ್ತರಿಸಿ, ಅದನ್ನೇ ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿ, ಹೊರಗೆ ಸ್ಕೇಲು ಅಂಟಿಸಿದರೆ ಸಾಕು. ಬುಡದ ಉಬ್ಬುತಗ್ಗು ಮುಗಿದು ಬಾಟಲಿ ನೇರವಾಗುವಲ್ಲಿಯವರೆಗೆ ಮೊದಲೇ ನೀರು ತುಂಬಿಸಿ ಅಲ್ಲಿಗೆ ಸೊನ್ನೆಯನ್ನು ಗುರುತು ಮಾಡಬೇಕು. ಇಲ್ಲವಾದರೆ ಲೆಕ್ಕ ತಪ್ಪುತ್ತದೆ. ನಮ್ಮ ಮಕ್ಕಳಿಗೆ ರೆಡ್ ಅಲರ್ಟ್ ಎಂದರೆ ಜಿಲ್ಲಾಧಿಕಾರಿಗಳು ಕೊಡುವ ರಜೆ, ಅಷ್ಟೇ! ಹವಾಮಾನ ಇಲಾಖೆಯ ಪ್ರಕಾರ 24 ಗಂಟೆಗಳಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರೀ ಮಳೆ, 204.4 ಮಿ.ಮೀ. ದಾಟಿದರೆ ಅತ್ಯಂತ ಭಾರೀ ಮಳೆ ಎಂಬುದು ತಾವೇ ಅಳೆದಾಗ ಅರ್ಥವಾಗುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆಯೆಂದರೆ ಒಂದು ಲೀಟರ್ ನೀರು; 200 ಚದರ ಮೀಟರಿನ ಮಾಡಿನ (ಛಾವಣಿಯ) ಮೇಲೆ 100 ಮಿ.ಮೀ. ಬಿದ್ದರೆ 20,000 ಲೀಟರ್. ಗಣಿತದ ಒಂದು ಪಾಠ ಇಲ್ಲಿಯೇ ಮುಗಿಯುವುದರಿಂದ ಪಠ್ಯ ಹಿಂದುಳಿಯುವ ಚಿಂತೆಯೂ ಅಷ್ಟಿಲ್ಲ.

ಪ್ರತಿ ಶನಿವಾರ ಗಂಟು ಹಾಕಿದ ಹಗ್ಗವನ್ನು ನೀವೇ ಬಾವಿಗಿಳಿಸಿ. ಮಕ್ಕಳು ಕಟ್ಟೆಯಿಂದ ದೂರ ನಿಂತು ಗಂಟುಗಳನ್ನೆಣಿಸಿ ಬರೆದುಕೊಳ್ಳಲಿ. ಮುರಕಲ್ಲಿನ (ಸಣ್ಣ ರಂಧ್ರಗಳ ಕೆಂಪು ಕಲ್ಲಿನ) ನೆಲ ನೀರನ್ನು ಬೇಗ ಕುಡಿದು ಅಷ್ಟೇ ಬೇಗ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಬಿಟ್ಟುಕೊಡುತ್ತದೆ ಎಂಬುದು ಡಿಸೆಂಬರಿನೊಳಗೆ ಅವರ ಪುಸ್ತಕದಲ್ಲಿಯೇ ಕಂಡೀತು. ಹಿಂದಿನವರು ಮದಕ (ಮಳೆನೀರು ಹಿಡಿದಿಡುವ ಕೆರೆ) ಮಾಡಿದ್ದು, ತೋಡಿಗೆ ಕಟ್ಟ (ನೀರು ತಡೆಯುವ ತಾತ್ಕಾಲಿಕ ಒಡ್ಡು) ಹಾಕುತ್ತಿದ್ದುದು ಏಕೆಂದು ಅಜ್ಜ-ಅಜ್ಜಿಯರನ್ನು ಕೇಳಿಬರಲು ಹೇಳುವುದು ಆಗ ಸಹಜವಾಗುತ್ತದೆ.

ಒಂದು ಎಚ್ಚರಿಕೆ. ಒಂದು ವರ್ಷ ಮಳೆ ಹೆಚ್ಚಾದದ್ದನ್ನೋ ಬಾವಿ ಬೇಗ ಬತ್ತಿದ್ದನ್ನೋ ಹವಾಮಾನ ಬದಲಾವಣೆಯ ಸಾಕ್ಷಿಯೆಂದು ಹೇಳಿಕೊಡಬೇಡಿ. ಸಾಮಾನ್ಯವಾಗಿ 30 ವರ್ಷಗಳ ಸರಾಸರಿಯನ್ನು ಆಧಾರವಾಗಿಟ್ಟುಕೊಂಡೇ ಹವಾಮಾನದ ಮಾತನಾಡುತ್ತಾರೆ. ಆದ್ದರಿಂದ ಈ ವರ್ಷದ ಪುಸ್ತಕವನ್ನು ಮುಂದಿನ ತರಗತಿಯವರಿಗೆ ದಾಟಿಸುವ ಏರ್ಪಾಡು ಮಾಡಿ.

ಪೋಷಕರ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ಮಳೆಗಾಲದಲ್ಲಿ ತೋಡು, ಹೊಳೆ, ಕಡಲಿನ ಕಡೆಗೆ ಹೋಗುವುದೇ ಬೇಡ. ನವೆಂಬರಿನ ಬಳಿಕ ಒಂದು ದಿನ ಸಾಧ್ಯವಾದರೆ, ಸೀತಾ-ಸುವರ್ಣಾ ನದಿಗಳು ಕಡಲು ಸೇರುವ ಕೋಡಿ ಬೆಂಗ್ರೆಯ ಕಡೆಗೆ ಹೋಗಿ ಉಪ್ಪುನೀರಿನ ದಡದಲ್ಲಿ ಬೆಳೆಯುವ ಕಾಂಡ್ಲಗಿಡಗಳನ್ನು (ಮ್ಯಾಂಗ್ರೋವ್) ತೋರಿಸಿ. ತಾಯಿಗಿಡದಲ್ಲಿ ತೂಗಾಡುತ್ತಲೇ ಮೊಳೆತಿರುವ ಕಾಯಿಗಳನ್ನೂ ದಡದ ಮಣ್ಣನ್ನು ಹಿಡಿದಿಟ್ಟ ಬೇರುಗಳನ್ನೂ ಕಡಲಿನ ನೀರು ಇಳಿದ ಹೊತ್ತಿನಲ್ಲಿ ಚೆನ್ನಾಗಿ ನೋಡಬಹುದಾದ್ದರಿಂದ, ಅಲ್ಲಿನ ಮೀನುಗಾರರನ್ನು ವಿಚಾರಿಸಿಯೇ ದಿನವನ್ನೂ ಹೊತ್ತನ್ನೂ ಗೊತ್ತುಮಾಡಿ.